ಬಿಗಿದಷ್ಟೂ ಸೋರುವ ಮುಚ್ಚಳ

ಬೆಂಗಳೂರಿನ ಹಳೆಯ ಪೇಟೆಯ ಬೀದಿಗಳಿಗೆ ಹೆಸರಿಟ್ಟವರು ಬಹು ಸರಳ ಮನಸ್ಸಿನವರು. ಹತ್ತಿ ಮಾರುವ ಕಡೆ ಅರಳೆಪೇಟೆ, ಬಳೆ ಮಾರುವ ಕಡೆ ಬಳೇಪೇಟೆ, ಅಕ್ಕಿ ಮಾರುವ ಕಡೆ ಅಕ್ಕಿಪೇಟೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಪ್ರಸಿದ್ಧವಾದ ಈ ಊರಿನಲ್ಲಿ ಬೀದಿಯ ಹೆಸರು ಕೇಳಿದರೆ ಸಾಕು, ಅಲ್ಲಿ ಏನು ದೊರೆಯುತ್ತದೆಂದು ಬೇರೆ ವಿಚಾರಿಸಬೇಕಾಗಿರಲಿಲ್ಲ. ಈಗ ಹಾಗಿಲ್ಲ. ಸಗಟು ಧಾನ್ಯ ವ್ಯಾಪಾರದ ಬಹುಭಾಗ ಯಶವಂತಪುರದ ಮಾರುಕಟ್ಟೆಯ ಪ್ರಾಂಗಣಕ್ಕೆ ಹೋಗಿ ಬಹುಕಾಲವಾಯಿತು. ಅಕ್ಕಿಪೇಟೆಯಲ್ಲಿ ಇಂದು ಅಕ್ಕಿಯ ಮೂಟೆಗಳಿಗಿಂತ ಔಷಧಿಯ ಪೆಟ್ಟಿಗೆಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಆದರೆ ಬೀದಿಗಳು ಮಾತ್ರ ಅಗಲವಾಗಿಲ್ಲ. ಎರಡು ಕೈಗಾಡಿಗಳು ಎದುರುಬದುರಾದರೆ ನಡೆದುಹೋಗುವವನು ಗೋಡೆಗೆ ಒರಗಿ ನಿಲ್ಲಬೇಕು.

ಇಂಥ ಬೀದಿಯಲ್ಲಿ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಮನೆಯವರ ಹೆಸರು ಬೇಕಾಗಿಲ್ಲ. ಇಂಥ ಮನೆ ಚಾಮರಾಜಪೇಟೆಯಲ್ಲಿಯೂ ಇದ್ದೀತು, ಬಸವನಗುಡಿಯಲ್ಲಿಯೂ ಮಲ್ಲೇಶ್ವರದಲ್ಲಿಯೂ ಇದ್ದೀತು. ಕೆಳಗೆ ಒಂದು ಕಾಲಕ್ಕೆ ಅಕ್ಕಿ ಮಂಡಿಯಾಗಿದ್ದ ಉದ್ದನೆಯ ಕೋಣೆ, ಮೇಲೆ ವಾಸ. ಮೂಟೆಗಳಿದ್ದ ಜಾಗದಲ್ಲಿ ಈಗ ಒಂದು ಅಂಬಾಸಿಡರ್ ಕಾರು ನಿಂತಿದೆ. ಕಾರಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ, 1966ರಲ್ಲಿ, ಮಂಡಿಯ ಯಜಮಾನರು ಕೊಂಡದ್ದು. ಅವರ ಮಗನಿಗೆ ಈಗ ಎಂಬತ್ತರ ಹತ್ತಿರದ ವಯಸ್ಸು. ಮದುವೆಯ ದಿಬ್ಬಣಕ್ಕೆ, ಹೆರಿಗೆಯ ಆಸ್ಪತ್ರೆಗೆ, ಧರ್ಮಸ್ಥಳದ ಯಾತ್ರೆಗೆ ಈ ಕಾರನ್ನು ನಡೆಸಿದವರು ಅವರೇ. ಅದರ ಚಿಕ್ಕಪುಟ್ಟ ರಿಪೇರಿಯನ್ನೆಲ್ಲ ತಮ್ಮ ಕೈಯಿಂದಲೇ ಮಾಡಿಕೊಂಡು ಬಂದವರು.

ಹೋದ ವರ್ಷ ಮನೆಯವರು ಧೈರ್ಯಮಾಡಿ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ಕಟ್ಟಿಸಿದರು. ಹೊಸ ರಿಂಗು, ಹೊಸ ಬೇರಿಂಗು, ವಾಲ್ವುಗಳಿಗೆ ಹೊಸ ಗೈಡು, ಎಲ್ಲ ಸೇರುವೆಗಳಿಗೂ ಹೊಸ ಗ್ಯಾಸ್ಕೆಟ್ಟು. ಖರ್ಚೂ ಕಡಿಮೆಯಾಗಲಿಲ್ಲ. ಎಂಜಿನ್ನು ಜೇನಿನಂತೆ ಗುಂಯ್‌ಗುಟ್ಟಿತು. ಆದರೆ ನಾಲ್ಕನೆಯ ದಿನ ಬೆಳಗ್ಗೆ ಹಿರಿಯರು ಕೆಳಗಿಳಿದು ಬಂದಾಗ ಕಾರಿನ ಅಡಿಯಲ್ಲಿ, ಹಳೆಯ ಜಾಗದಲ್ಲಿಯೇ, ಅಂಗೈಯಗಲದ ಎಣ್ಣೆಯ ಕಲೆ! ಸ್ಪ್ಯಾನರು ತೆಗೆದುಕೊಂಡು ಎಂದಿನಂತೆ ಇನ್ನೊಂದು ಸುತ್ತು ಬಿಗಿದರು. ಮರುವಾರ ಕಲೆ ಎರಡು ಅಂಗೈಯಷ್ಟಾಯಿತು. “ಇಷ್ಟು ಹಣ ಸುರಿದ ಮೇಲೂ ಸೋರುವುದಾದರೆ ಇನ್ನು ಇದನ್ನು ಇಟ್ಟುಕೊಂಡು ಏನು ಮಾಡುವುದಪ್ಪ? ಗುಜರಿಗೆ ಕೊಟ್ಟುಬಿಡೋಣ” ಎಂದನು ಮಗ. ಹಿರಿಯರು ಮಾತಾಡಲಿಲ್ಲ.

ಮಗನ ಮಾತು ಅನ್ಯಾಯವಾದದ್ದೇನೂ ಅಲ್ಲ. ಸೋರುವ ಎಣ್ಣೆಯೆಂದರೆ ನೆಲದ ಕಲೆ ಮಾತ್ರವಲ್ಲ. ಅದು ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಹೊಗೆ, ದುರ್ವಾಸನೆ, ಒಮ್ಮೊಮ್ಮೆ ಬೆಂಕಿಯ ಭಯ. ಗಮನಿಸದೆ ಬಿಟ್ಟರೆ ಎಂಜಿನ್ನಿನಲ್ಲಿ ಎಣ್ಣೆ ತಗ್ಗಿ ಹೊಸ ಬೇರಿಂಗುಗಳೇ ಸುಟ್ಟುಹೋಗಬಹುದು. ಮೇಲಾಗಿ ಸ್ವಂತ ಉಪಯೋಗದ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಅರ್ಹತೆಯ ಪರೀಕ್ಷೆ ಮಾಡಿಸಿ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಎಣ್ಣೆ ತೊಟ್ಟಿಕ್ಕುವ ಕಾರನ್ನು ಅಲ್ಲಿಗೆ ಯಾವ ಮುಖದಿಂದ ಕೊಂಡೊಯ್ಯುವುದು?

ಇನ್ನೊಂದು ದಾರಿಯೂ ಉಂಟು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮಗಳನ್ನು ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಪ್ರಕಟಿಸಿತು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಕೂಡದು. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗಳಿಗೆ ರಸ್ತೆಗಿಳಿಸಬಹುದು. ಒಂದು ಮುಚ್ಚಳ ಬದಲಾಯಿಸಿದ ಮಾತ್ರಕ್ಕೆ ಕಾರಿನ ಮೂಲರೂಪ ಕೆಡುವುದಿಲ್ಲ, ನಿಜ. ಆದರೆ ಕಾರಿನೊಡನೆ ಕಾರ್ಖಾನೆಯಿಂದ ಬಂದ ಭಾಗವನ್ನೇ ಸರಿಪಡಿಸಿ ಹಾಕುವುದು ಸಾಧ್ಯವಾಗಿರುವಾಗ ಅದನ್ನು ಎಸೆಯುವುದು ಏತಕ್ಕೆ?

ಹಾಗಾದರೆ ಸೋರುತ್ತಿದ್ದದ್ದು ಎಲ್ಲಿಂದ? ಇದನ್ನು ತಿಳಿಯಲು ಆ ಎಂಜಿನ್ನಿನ ಪರಿಚಯ ಸ್ವಲ್ಪ ಬೇಕು. ಅಂಬಾಸಿಡರ್ ಕಾರನ್ನು ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯು 1957ರಲ್ಲಿ ಹೊರತಂದಿತು. ಅದರ ತಯಾರಿಕೆ ನಿಂತದ್ದು 2014ರಲ್ಲಿ. ಅದಕ್ಕೆ ಮಾದರಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಎರಡು ವರ್ಷದ ತರುವಾಯ ಅದಕ್ಕೆ 1489 ಸಿ.ಸಿ.ಯ ‘ಬಿ ಸರಣಿ’ಯ ಎಂಜಿನ್ನು ಬಂತು. ಮೈಯೆಲ್ಲ ಎರಕದ ಕಬ್ಬಿಣದ, ಒರಟಾದ, ಬಹುಕಾಲ ಬಾಳುವ ಯಂತ್ರ. ಅದರ ನೆತ್ತಿಯ ಮೇಲೆ ವಾಲ್ವುಗಳನ್ನು ಮುಚ್ಚುವ ಉದ್ದನೆಯ ತಗಡಿನ ಡಬ್ಬಿಯಂಥ ಮುಚ್ಚಳ. ಅದನ್ನು ಹಿಡಿದಿರುವುದು ಎರಡೇ ನಟ್ಟು. ಪಕ್ಕದಲ್ಲಿ, ಹೊಗೆಕೊಳವೆಗಳ ಮರೆಯಲ್ಲಿ, ಎರಡು ಚಿಕ್ಕ ಮುಚ್ಚಳಗಳು. ಒಂದೊಂದನ್ನೂ ಹಿಡಿದಿರುವುದು ನಟ್ಟನಡುವಿನ ಒಂದೇ ಬೋಲ್ಟು. ಮುಂದುಗಡೆ ಸರಪಣಿಯ ಮುಚ್ಚಳ, ಕೆಳಗೆ ಎಣ್ಣೆಯ ತೊಟ್ಟಿಯಾದ ಸಂಪ್. ಇವೆಲ್ಲವೂ ಅಚ್ಚಿನಲ್ಲಿ ಒತ್ತಿ ಮಾಡಿದ ಉಕ್ಕಿನ ತಗಡುಗಳೇ.

ಮುಚ್ಚಳದ ಕೆಲಸವನ್ನು ಗೃಹಿಣಿಯರಿಗೆ ಬೇರೆ ವಿವರಿಸಬೇಕಾಗಿಲ್ಲ. ಪ್ರೆಷರ್ ಕುಕ್ಕರಿನ ರಬ್ಬರು ಉಂಗುರ ಹೊಸದೇ ಆಗಿದ್ದರೂ, ಮುಚ್ಚಳ ನೆಲಕ್ಕೆ ಬಿದ್ದು ಅಂಚು ನೆಗ್ಗಿದ್ದರೆ ಹಬೆ ಪಕ್ಕದಿಂದ ಸುಸ್ಸೆಂದು ಹೋಗುತ್ತದೆ. ಆಗ ಹೊಸ ಉಂಗುರ ತಂದು ಫಲವೇನು? ಎಂಜಿನ್ನಿನ ಗ್ಯಾಸ್ಕೆಟ್ಟೂ ಅಂಥ ಉಂಗುರವೇ. ಎರಡು ಮಟ್ಟಸವಾದ ಅಂಚುಗಳ ನಡುವೆ ಉಳಿದಿರುವ ಅತಿ ಸೂಕ್ಷ್ಮವಾದ ತಗ್ಗು ದಿಣ್ಣೆಗಳನ್ನು ತುಂಬುವುದಷ್ಟೇ ಅದರ ಕರ್ತವ್ಯ. ಬೆಂಡಿನ, ಎಂದರೆ ಕಾರ್ಕಿನ, ಗ್ಯಾಸ್ಕೆಟ್ಟು ಸುಮಾರು 3 ಮಿಲಿಮೀಟರು ದಪ್ಪವಿರುವುದರಿಂದ ಸ್ವಲ್ಪ ಹೆಚ್ಚು ಕಡಿಮೆಯನ್ನು ಸಹಿಸಿಕೊಳ್ಳುತ್ತದೆ. ಕಾಗದದ ಗ್ಯಾಸ್ಕೆಟ್ಟು ಅರ್ಧ ಮಿಲಿಮೀಟರಿಗಿಂತಲೂ ತೆಳು. ಅದಕ್ಕೆ ಆ ಸಹನೆಯೂ ಇಲ್ಲ.

ಇನ್ನು ಮುಚ್ಚಳ ಸೊಟ್ಟಗಾಗುವುದು ಹೇಗೆ? ಮೊದಲನೆಯ ಮತ್ತು ಮುಖ್ಯವಾದ ಕಾರಣ ಮನುಷ್ಯನ ಕೈ. ಇದೇ ಬಿ ಸರಣಿಯ ಎಂಜಿನ್ನಿದ್ದ ಎಂ.ಜಿ. ಕಾರಿನ ಕೈಪಿಡಿಯಲ್ಲಿ ಮೇಲಿನ ಮುಚ್ಚಳದ ನಟ್ಟುಗಳನ್ನು ಬಿಗಿಯಲು ಹೇಳಿರುವ ಪ್ರಮಾಣ ಅಡಿಗೆ 4 ಪೌಂಡು ಮಾತ್ರ. ಪಕ್ಕದ ಮುಚ್ಚಳಕ್ಕೆ ಅದರ ಅರ್ಧ. ಅಕ್ಕಿಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಒಂದಡಿ ಉದ್ದದ ಹಿಡಿಯ ತುದಿಗೆ ಎರಡು ಕಿಲೋ ಅಕ್ಕಿಯ ಗಂಟನ್ನೂ ತೂಗಹಾಕಕೂಡದು, 1.8 ಕಿಲೋ ಸಾಕು. ಸಾಧಾರಣ ದೇಹಬಲದ ಮನುಷ್ಯನು ಅರ್ಧ ಅಡಿಯ ಸ್ಪ್ಯಾನರು ಹಿಡಿದು 20 ಕಿಲೋ ಭಾರದಷ್ಟು ಎಳೆದರೆ, ಅವನಿಗೆ ದಣಿವೂ ತೋರದು. ಆದರೆ ಮೇಲಿನ ಮುಚ್ಚಳಕ್ಕೆ ಬೇಕಾದುದರ ಐದು ಪಟ್ಟಿಗೂ, ಪಕ್ಕದ ಮುಚ್ಚಳಕ್ಕೆ ಹತ್ತು ಪಟ್ಟಿಗೂ ಮೀರಿದ ಬಿಗಿತ ಬಿದ್ದಾಯಿತು.

ಬಿಗಿತ ಮಿತಿಮೀರಿದಾಗ ತಗಡು ಬೋಲ್ಟಿನ ಬಳಿ ಕೆಳಕ್ಕೆ ಕುಸಿಯುತ್ತದೆ, ಬೋಲ್ಟಿಗೆ ದೂರವಾದ ಅಂಚು ಮೇಲಕ್ಕೇಳುತ್ತದೆ. ಹಗ್ಗದ ಮಂಚದ ನಡುವೆ ಕುಳಿತರೆ ಬದಿಗಳು ಒಳಕ್ಕೆ ವಾಲುವುದಿಲ್ಲವೆ, ಹಾಗೆ. ಎಣ್ಣೆ ಆ ಎದ್ದ ಅಂಚಿನಿಂದ ಸೋರುತ್ತದೆ. ಸೋರಿದ್ದನ್ನು ಕಂಡವನು ಬೋಲ್ಟು ಸಡಿಲವಾಯಿತೆಂದು ಬಗೆದು ಇನ್ನಷ್ಟು ಬಿಗಿಯುತ್ತಾನೆ. ನಡು ಇನ್ನಷ್ಟು ಕುಸಿಯುತ್ತದೆ, ಅಂಚು ಇನ್ನಷ್ಟು ಏಳುತ್ತದೆ. ಒಂದೆರಡು ದಿನ ಬೆಂಡು ಹಿಸುಕಿಕೊಂಡು ಎಣ್ಣೆ ನಿಂತಂತೆ ಕಾಣುವುದರಿಂದ ಮದ್ದು ಫಲಿಸಿತೆಂಬ ನಂಬಿಕೆಯೂ ಬಲವಾಗುತ್ತದೆ. ಬಿಗಿದಷ್ಟೂ ಸೋರುವ ಈ ಮುಚ್ಚಳದ ಗುಟ್ಟು ಇಷ್ಟೆ.

ಎರಡನೆಯ ಕಾರಣ ಶಾಖ. ಇದು ತಗಡಿನ ಮುಚ್ಚಳಕ್ಕಿಂತ ಎರಕದ ಅಲ್ಯೂಮಿನಿಯಂ ಮುಚ್ಚಳಗಳ ವಿಷಯದಲ್ಲಿ ಹೆಚ್ಚು ನಿಜ. ಅಂಥ ಮುಚ್ಚಳಗಳನ್ನು ನೋಡಲು ಬಹುದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರ ವರೆಗೆ ತಯಾರಿಸಿದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳ ಎಡಬದಿಯ ಕ್ಲಚ್ ಮುಚ್ಚಳ ಆ ಬಗೆಯದು. ಅಲ್ಯೂಮಿನಿಯಂ ಶಾಖಕ್ಕೆ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅರ್ಧ ಮೀಟರು ಉದ್ದದ ಮುಚ್ಚಳವೊಂದು 70 ಡಿಗ್ರಿಯಷ್ಟು ಕಾದರೆ ಅದು ಸುಮಾರು 0.8 ಮಿಲಿಮೀಟರು ಬೆಳೆಯುತ್ತದೆ. ಅದರ ಕೆಳಗಿನ ಕಬ್ಬಿಣ ಬೆಳೆಯುವುದು ಸುಮಾರು 0.4 ಮಾತ್ರ. ದಿನವೂ ಹಿಗ್ಗಿ ಕುಗ್ಗುವ ಈ ಎಳೆದಾಟದಲ್ಲಿ, ಬೋಲ್ಟುಗಳಿಂದ ಕಟ್ಟಿಹಾಕಿದ ಮುಚ್ಚಳ ವರ್ಷಗಳು ಕಳೆದಂತೆ ಕೊಂಚ ಕೊಂಚವಾಗಿ ಆಕಾರಗೆಡುತ್ತದೆ.

ಮೂರನೆಯ ಕಾರಣ ಅವಸರ. ಎಂಜಿನ್ನು ಬಿಸಿಯಾಗಿರುವಾಗಲೇ ಮುಚ್ಚಳ ಬಿಚ್ಚುವುದು, ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರು ತುರುಕಿ ಮೀಟುವುದು, ಬಿಚ್ಚಿಟ್ಟ ಮುಚ್ಚಳದ ಮೇಲೆ ಭಾರದ ಸಾಮಾನು ಪೇರಿಸುವುದು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವಾಗ ಒಳಗಿನ ಭಾಗಗಳನ್ನೆಲ್ಲ ಅಳೆಯುವ ಕುಶಲನು ಕೂಡ ಮುಚ್ಚಳಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಣ್ಣ ಬಳಿದು, ಹಾಗೆಯೇ ಹಾಕಿಬಿಡುವುದುಂಟು. ಆ ಮನೆಯಲ್ಲಿ ನಡೆದದ್ದೂ ಇದೇ.

ಕಡೆಗೆ ಆ ಮನೆಗೆ ಬಂದವರು ಕಲಾಸಿಪಾಳ್ಯದ ಕಡೆಯ ಒಬ್ಬ ವೃದ್ಧ ಮೇಸ್ತ್ರಿ. ಅವರು ಸ್ಪ್ಯಾನರನ್ನು ಮುಟ್ಟಲೇ ಇಲ್ಲ. ಮೊದಲು ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆಸಿ ಒರಸಿಸಿದರು. ಮನೆಯ ಹುಡುಗಿಯಿಂದ ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತರಿಸಿ ಮುಚ್ಚಳಗಳ ಸುತ್ತಲೂ ಉದುರಿಸಿದರು. ಕಾಲುಗಂಟೆ ಎಂಜಿನ್ನು ಓಡಿತು. ಬಿಳಿಯ ಪುಡಿಯ ಮೇಲೆ ಎಣ್ಣೆ ತನ್ನ ದಾರಿಯನ್ನು ತಾನೇ ಬರೆದು ತೋರಿಸಿತು. ಕಲೆ ಬೀಳುತ್ತಿದ್ದುದು ಎಂಜಿನ್ನಿನ ಹಿಂಭಾಗದಲ್ಲಿ. ಸೋರುತ್ತಿದ್ದುದು ಮೇಲಿನ ಮುಚ್ಚಳದ ಹಿಂದಿನ ಮೂಲೆ ಮತ್ತು ಪಕ್ಕದ ಮುಚ್ಚಳದ ತುದಿ. ಎಣ್ಣೆ ಯಾವಾಗಲೂ ಕೆಳಕ್ಕೆ ಹರಿಯುವುದರಿಂದ ಹುಡುಕುವವನು ಮೇಲಿನಿಂದ ಆರಂಭಿಸಬೇಕು. ಇದನ್ನರಿಯದೆ ಹಿಂಭಾಗದ ಸೀಲು ಹೋಯಿತೆಂದು ಎಂಜಿನ್ನನ್ನೇ ಇಳಿಸಿದವರುಂಟು.

ತರುವಾಯ ಮೇಸ್ತ್ರಿ ಎಂಜಿನ್ನಿನ ಉಸಿರುಕೊಳವೆಯನ್ನು ಬಿಚ್ಚಿ ಊದಿ ನೋಡಿದರು. ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಅನಿಲ ಕೆಳಕ್ಕೆ ನುಸುಳುವುದು ಎಲ್ಲ ಎಂಜಿನ್ನುಗಳಲ್ಲಿಯೂ ಸಹಜ. ಬಿ ಸರಣಿಯಲ್ಲಿ ಅದು ಹೊರಹೋಗುವ ಕೊಳವೆ ಪಕ್ಕದ ಮುಂದಿನ ಮುಚ್ಚಳದಿಂದಲೇ ಹೊರಡುತ್ತದೆ. ಆ ಕೊಳವೆ ಕಿಟ್ಟಗಟ್ಟಿ ಮುಚ್ಚಿದ್ದರೆ ಒಳಗಿನ ಒತ್ತಡ ಏರಿ ಎಂಥ ಮಟ್ಟಸವಾದ ಮುಚ್ಚಳದ ಸಂದಿಯಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಇಲ್ಲಿ ಕೊಳವೆ ಚೊಕ್ಕಟವಾಗಿಯೇ ಇತ್ತು. ದೋಷ ಮುಚ್ಚಳದ್ದೇ ಎಂದು ಖಚಿತವಾದ ಮೇಲೆಯೇ ಅವರು ಅದನ್ನು ಬಿಚ್ಚಿದ್ದು. ಅದೂ ಎಂಜಿನ್ನು ಪೂರ್ತಿ ತಣ್ಣಗಾದ ನಂತರ.

ಬಿಚ್ಚಿದ ಮುಚ್ಚಳದ ಹಳೆಯ ಬೆಂಡನ್ನೂ ಅಂಟನ್ನೂ ಕೆರೆದು ತೆಗೆದು, ಅದನ್ನು ದಪ್ಪನೆಯ ಗಾಜಿನ ಹಲಗೆಯ ಮೇಲೆ ಬೋರಲಾಗಿ ಇಟ್ಟರು. ಮಟ್ಟವನ್ನು ತಿಳಿಯಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಮಣೆಯ ಒಂದು ಕಾಲು ಗಿಡ್ಡವಾದರೆ ಕುಳಿತವನಿಗೆ ಗೊತ್ತಾಗುವಂತೆ, ಮುಚ್ಚಳದ ಮೂಲೆಯನ್ನು ಬೆರಳಿನಿಂದ ಒತ್ತಿದರೆ ಟಕ್ಕೆಂದು ಅಲುಗುತ್ತದೆ. ಸಂದಿಯನ್ನು ಅಳೆಯಲು ಫೀಲರ್ ಗೇಜಿನ ಎಲೆಗಳಿರುತ್ತವೆ. ಅದಿಲ್ಲದವರು ಬರೆಯುವ ಕಾಗದದ ಪಟ್ಟಿಯನ್ನು ಉಪಯೋಗಿಸಬಹುದು. ಅದರ ದಪ್ಪ ಸುಮಾರು 0.1 ಮಿಲಿಮೀಟರು. ಮೇಸ್ತ್ರಿ ಒಂದು ಪಟ್ಟಿ ತೂರಿಸಿದರು, ಹೋಯಿತು. ಎಂಟು ಪಟ್ಟಿಗಳನ್ನು ಒಟ್ಟಿಗೆ ತೂರಿಸಿದರು, ಹಿಂದಿನ ಮೂಲೆಯಲ್ಲಿ ಅವೂ ಹೋದವು.

“ಯಜಮಾನರೇ, ಇದು ಗ್ಯಾಸ್ಕೆಟ್ಟಿನ ತಪ್ಪಲ್ಲ. ನಟ್ಟಿನ ಸುತ್ತ ನೋಡಿ, ಬಟ್ಟಲಿನ ಹಾಗೆ ಕುಳಿ ಬಿದ್ದಿದೆ. ಯಾರೋ ಬಹಳ ವರ್ಷ ಬಹಳ ಬಿಗಿಯಾಗಿ ತಿರುಗಿಸಿದ್ದಾರೆ” ಎಂದರು ಮೇಸ್ತ್ರಿ.

ಹಿರಿಯರು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದನ್ನು ಕೆಡಿಸಿದವನು ನಾನೇ ಮೇಸ್ತ್ರಿಗಳೇ. ಮನೆಯಲ್ಲಿ ಬೇರೆ ಯಾರೂ ಇದನ್ನು ಮುಟ್ಟಿಲ್ಲ” ಎಂದರು.

“ಕೆಡಿಸಿದ್ದೂ ತಾವೇ ಇರಬಹುದು. ಇಷ್ಟು ವರ್ಷ ಉಳಿಸಿದ್ದೂ ತಾವೇ ಅಲ್ಲವೆ? ಹೊಸ ಮುಚ್ಚಳ ಬೇಡ. ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯದೊಂದು ಸಿಕ್ಕೀತು; ಅದೂ ಇನ್ನೊಬ್ಬ ಯಜಮಾನರು ಬಿಗಿದದ್ದೇ ಆಗಿರುತ್ತದೆ. ಇದನ್ನೇ ಸರಿಮಾಡೋಣ.”

ತಗಡಿನ ಮುಚ್ಚಳವನ್ನು ಸರಿಪಡಿಸುವ ಕ್ರಮ ಪೇಟೆಯ ಪಾತ್ರೆ ರಿಪೇರಿಯವರಿಗೆ ಚೆನ್ನಾಗಿ ಗೊತ್ತಿರುವಂಥದೇ. ನೆಗ್ಗಿದ ಬಿಂದಿಗೆಯನ್ನು ಅವರು ಒಂದೇ ಏಟಿಗೆ ನೆಟ್ಟಗೆ ಮಾಡಲು ಹೋಗುವುದಿಲ್ಲ. ಒಳಗೆ ಆಸರೆ ಕೊಟ್ಟು, ಸಣ್ಣ ಸಣ್ಣ ಏಟುಗಳಿಂದ ಸುತ್ತ ಬರುತ್ತಾರೆ. ಇಲ್ಲಿಯೂ ಹಾಗೆಯೇ. ಮುಚ್ಚಳದ ಅಂಚನ್ನು ಮಟ್ಟಸವಾದ ಉಕ್ಕಿನ ಪಟ್ಟಿಯ ಮೇಲಿಟ್ಟು, ಉಬ್ಬಿದ ಕಡೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ, ನಾಲ್ಕು ಏಟಿಗೊಮ್ಮೆ ಗಾಜಿನ ಮೇಲಿಟ್ಟು ಪರೀಕ್ಷಿಸುತ್ತ ಹೋಗಬೇಕು. ಸಂಪಿನಂತೆ ಅಂಚಿನಲ್ಲಿಯೇ ಬೋಲ್ಟಿನ ರಂಧ್ರಗಳಿದ್ದರೆ, ರಂಧ್ರದ ಸುತ್ತ ಗ್ಯಾಸ್ಕೆಟ್ಟಿನ ಕಡೆಗೆ ಉಬ್ಬಿದ ಭಾಗವನ್ನು ಹಿಂದಕ್ಕೆ ತಟ್ಟಿ, ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೇ ಬಿಡಬೇಕು. ಮುಂದೆ ಬೋಲ್ಟು ಬಿಗಿದಾಗ ಅಷ್ಟು ಭಾಗ ತಾನಾಗಿ ಮಟ್ಟಕ್ಕೆ ಬಂದು ಕೂರುತ್ತದೆ. ಒಂದೇ ಬೋಲ್ಟಿನ ಪಕ್ಕದ ಮುಚ್ಚಳದಲ್ಲಿ ನಡುವಿನ ಕುಳಿಯನ್ನು ಎಬ್ಬಿಸಿ, ಎರಡು ತುದಿಗಳು ಗಾಜನ್ನು ಮುಟ್ಟುವಂತೆ ಮಾಡಬೇಕು. ತಗಡನ್ನು ಕಾಯಿಸುವುದಾಗಲಿ, ಅರದಿಂದ ಉಜ್ಜುವುದಾಗಲಿ ಕೂಡದು. ತೆಳುವಾದ ತಗಡು ಉಜ್ಜಿದರೆ ಸವೆದು ಹರಿಯುತ್ತದೆ.

ಎರಕದ ಅಲ್ಯೂಮಿನಿಯಂ ಮುಚ್ಚಳದ ಕ್ರಮ ಇದಕ್ಕೆ ಸಂಪೂರ್ಣ ವಿರುದ್ಧ. ಅದನ್ನು ಎಂದೂ ಬಡಿಯಕೂಡದು. ಬಡಿದರೆ ಬಿರುಕು ಬಿಡುತ್ತದೆ. ಸೊಟ್ಟು ಒಂದೆರಡು ಕಾಗದದ ದಪ್ಪದೊಳಗಿದ್ದರೆ ಉಜ್ಜುವುದೇ ಮಾರ್ಗ. ಗಾಜಿನ ಹಲಗೆಯ ಮೇಲೆ ಎಮರಿ ಕಾಗದವನ್ನು ಅಂಟಿಸಿ, ಸೀಮೆಎಣ್ಣೆ ತೇವಮಾಡಿ, ಮುಚ್ಚಳವನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಮೆಲ್ಲಗೆ ಆಡಿಸಬೇಕು. ಎತ್ತರವಾದ ಕಡೆಗಳು ಮೊದಲು ಹೊಳೆಯುತ್ತವೆ, ತಗ್ಗು ಮಬ್ಬಾಗಿಯೇ ಉಳಿಯುತ್ತದೆ. ಅಂಚಿನ ಸುತ್ತಲೂ ಒಂದೇ ಬಣ್ಣ ಬಂದೊಡನೆ ನಿಲ್ಲಿಸಬೇಕು. ಕೈಯ ಭಾರ ಒಂದೇ ಕಡೆ ಬಿದ್ದರೆ ಆ ಕಡೆ ಹೆಚ್ಚು ಸವೆಯುವುದರಿಂದ, ಆಗಾಗ ಮುಚ್ಚಳವನ್ನು ತಿರುಗಿಸಿ ಹಿಡಿಯುವುದು ಲೇಸು.

ಸೊಟ್ಟು ಅದಕ್ಕಿಂತ ಹೆಚ್ಚಾಗಿದ್ದರೆ ಅಷ್ಟನ್ನೂ ಉಜ್ಜಿ ತೆಗೆಯುವುದು ಲೋಹದ ನಷ್ಟ. ಒಳಗಿನ ಭಾಗಗಳಿಗೆ ತಗಲುವ ಅಪಾಯವೂ ಉಂಟು. ಅನುಭವಿಗಳು ಅಂಥದನ್ನು ದಪ್ಪ ಉಕ್ಕಿನ ಹಲಗೆಗೆ ಹಿಡಿಕೆಗಳಿಂದ ಹಗುರಾಗಿ ಬಂಧಿಸಿ, ಇಡಿಯ ಮುಚ್ಚಳವನ್ನು ಒಲೆಯಲ್ಲಿ ಸುಮಾರು 200 ಡಿಗ್ರಿಯವರೆಗೆ ಸಮನಾಗಿ ಕಾಯಿಸಿ, ಹಾಗೆಯೇ ನಿಧಾನವಾಗಿ ತಣಿಯಲು ಬಿಡುತ್ತಾರೆ. ಬೇಕಾದರೆ ಎರಡು ಮೂರು ಸಲ. ಇದನ್ನು ಮನೆಯಲ್ಲಿ ಪ್ರಯತ್ನಿಸಬಾರದು. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ; ಅಲ್ಯೂಮಿನಿಯಂ ಬಣ್ಣ ಬದಲಿಸದೆಯೇ ಇದ್ದು, 660 ಡಿಗ್ರಿಯಲ್ಲಿ, ಎರಕದ ಮಿಶ್ರಲೋಹವಾದರೆ ಅದಕ್ಕೂ ಮೊದಲೇ, ಫಕ್ಕನೆ ಕರಗಿ ಕುಸಿಯುತ್ತದೆ. ಬ್ಲೋಲ್ಯಾಂಪಿನ ಜ್ವಾಲೆಗೆ ಒಡ್ಡಿ ಅಪೂರ್ವವಾದ ಮುಚ್ಚಳವನ್ನು ಮುದ್ದೆಮಾಡಿಕೊಂಡವರ ವ್ಯಥೆ ಅವರಿಗೇ ಗೊತ್ತು. ಎಂಜಿನ್ನಿನ ತಲೆಯಾದ ಸಿಲಿಂಡರ್ ಹೆಡ್ ಕೂಡ ಒಂದು ಬಗೆಯ ಮುಚ್ಚಳವೇ. ಆದರೆ ಅದು ತಡೆಯಬೇಕಾದ ಒತ್ತಡವೇ ಬೇರೆ. ಅದನ್ನು ಗಾಜಿನ ಮೇಲೆ ಉಜ್ಜಕೂಡದು. ಮೆಷಿನ್ ಶಾಪಿಗೇ ಕಳುಹಿಸತಕ್ಕದ್ದು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಮುಚ್ಚಳದ ಮಟ್ಟವನ್ನು ಗಾಜಿನಿಂದ ಪರೀಕ್ಷಿಸಿದ್ದಾಯಿತು. ಗಾಜು ಮಟ್ಟಸವಾಗಿದೆಯೆಂದು ಹೇಳಿದವರು ಯಾರು? ಈ ಪ್ರಶ್ನೆಗೆ ಚೆಂದವಾದ ಉತ್ತರವನ್ನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥ್ 1840ರಲ್ಲಿ ಗ್ಲಾಸ್ಗೋ ನಗರದ ವಿದ್ವತ್ಸಭೆಯಲ್ಲಿ ಮಂಡಿಸಿದನು. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸುತ್ತ ಹೋದರೆ ಅವು ಕೂಡಿಕೊಳ್ಳುತ್ತವೆ, ಆದರೆ ಮಟ್ಟಸವಾಗಬೇಕೆಂದಿಲ್ಲ. ಒರಳಿಗೂ ಗುಂಡಿಗೂ ಎಷ್ಟು ಹೊಂದಿಕೆ! ಒಂದು ತಗ್ಗು, ಇನ್ನೊಂದು ಉಬ್ಬು. ಆದಕಾರಣ ಮೂರು ಫಲಕಗಳು ಬೇಕು. ಒಂದನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಒಂದನೆಯದಕ್ಕೆ ಹೀಗೆ ಮೂರೂ ಪರಸ್ಪರ ಕೂಡಬೇಕಾದರೆ, ಮೂರೂ ಮಟ್ಟಸವಾಗಿರಲೇಬೇಕು, ಬೇರೆ ಮಾರ್ಗವಿಲ್ಲ. ನೀಲಿ ಬಣ್ಣವನ್ನು ತೆಳುವಾಗಿ ಸವರಿ, ಬಣ್ಣ ಹತ್ತಿದ ದಿಣ್ಣೆಗಳನ್ನು ಉಳಿಯಂಥ ಸಾಧನದಿಂದ ಕೆರೆಯುತ್ತ ಈ ಮಟ್ಟವನ್ನು ಸಾಧಿಸುತ್ತಾರೆ. ಲೇತುಗಳಂಥ ಯಂತ್ರಗಳ ತಯಾರಿಕೆಗೆಲ್ಲ ಇಂಥ ಮಟ್ಟಸವಾದ ಮೇಲ್ಮೈಯೇ ತಳಹದಿ. 1953ರಲ್ಲಿ ಎಚ್.ಎಂ.ಟಿ. ಕಾರ್ಖಾನೆ ಸ್ಥಾಪಿತವಾದಂದಿನಿಂದ ಬೆಂಗಳೂರಿಗೂ ಈ ವಿದ್ಯೆ ಹೊಸದಲ್ಲ.

ಮುಚ್ಚಳ ಮಟ್ಟಕ್ಕೆ ಬಂದ ಮೇಲೆ ಉಳಿದ ಕೆಲಸ ಅಲ್ಪವಾದರೂ ಅಲಕ್ಷ್ಯಕ್ಕೆ ತಕ್ಕದ್ದಲ್ಲ. ಬೆಂಡಿನ ಗ್ಯಾಸ್ಕೆಟ್ಟು ಅಂಗಡಿಯಲ್ಲಿ ಬಹುಕಾಲ ಬಿದ್ದಿದ್ದರೆ ಒಣಗಿ ಕುಗ್ಗಿರುತ್ತದೆ. ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ನೀರನ್ನು ಒರಸಿ ಒಣಗಿಸಿ, ಅಂಟನ್ನು ಮುಚ್ಚಳದ ಕಡೆಗೆ ಮಾತ್ರ ತೆಳುವಾಗಿ ಸವರಬೇಕು. ಎಂಜಿನ್ನಿನ ಕಡೆ ಅಂಟು ಬೇಡ. ಹಾಗೆ ಮಾಡಿದರೆ ಮುಂದೆ ಬಿಚ್ಚುವಾಗ ಮೀಟುವ ಪ್ರಮೇಯವಿರುವುದಿಲ್ಲ. ಸೊಟ್ಟನ್ನು ಮರೆಸಲು ಅಂಟನ್ನು ಮೆತ್ತುವವರುಂಟು. ಬಿಗಿದಾಗ ಅದು ಒಳಕ್ಕೂ ಹಿಸುಕಿ, ಚೂರುಚೂರಾಗಿ ಕಳಚಿ, ಎಣ್ಣೆ ಹೀರುವ ಜಾಲರಿಗೆ ಕಟ್ಟಿಕೊಂಡರೆ ಎಂಜಿನ್ನಿಗೇ ಮೃತ್ಯು.

ಬಿಗಿಯುವಾಗಲೂ ಕ್ರಮವುಂಟು. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಕೂರಿಸಬೇಕು. ನಡುವಿನಿಂದ ತುದಿಗಳ ಕಡೆಗೆ, ಒಮ್ಮೆ ಈ ಬದಿ ಒಮ್ಮೆ ಆ ಬದಿ, ಎರಡು ಮೂರು ಕಂತಿನಲ್ಲಿ ಬಿಗಿಯಬೇಕು. ಮುಂದಿನ ಸರಪಣಿಯ ಮುಚ್ಚಳವಾದರೆ, ಕಪ್ಪಿಯನ್ನು ಸೀಲಿನೊಳಕ್ಕೆ ಸೇರಿಸಿ ಮುಚ್ಚಳವನ್ನು ನಡುವಿಗೆ ತಂದುಕೊಂಡ ಮೇಲೆ ಬಿಗಿಯುವುದು ಸರಿಯಾದ ರೀತಿ. ಮೇಲಿನ ಮುಚ್ಚಳದ ನಟ್ಟಿನಡಿಯ ರಬ್ಬರು, ಪಕ್ಕದ ಬೋಲ್ಟಿನಡಿಯ ವಾಷರು ಹಳತಾಗಿದ್ದರೆ ಬದಲಿಸತಕ್ಕದ್ದು. ಎಷ್ಟೋ ಸಲ ಎಣ್ಣೆ ಅಲ್ಲಿಂದಲೇ ನುಸುಳುತ್ತದೆ. ಬಿಗಿತದ ಪ್ರಮಾಣಕ್ಕೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ. ಟಾರ್ಕ್ ರೆಂಚಿಲ್ಲದವರು ಗಿಡ್ಡನೆಯ ಸ್ಪ್ಯಾನರನ್ನು ಎರಡೇ ಬೆರಳಿನಿಂದ ಹಿಡಿಯಲಿ. ಮೊಳಕೈಯ ಬಲ ಬೇಡ.

ಆ ಮನೆಯಲ್ಲಿ ಮೇಸ್ತ್ರಿ ಮೂರು ಮುಚ್ಚಳಗಳಿಗೆ ಎರಡು ದಿನ ತೆಗೆದುಕೊಂಡರು. ಕೊನೆಯಲ್ಲಿ ಮೇಲಿನ ಮುಚ್ಚಳದ ನಟ್ಟುಗಳನ್ನು ಕೂರಿಸುವ ಹೊತ್ತಿಗೆ ಸ್ಪ್ಯಾನರನ್ನು ತಾವು ಹಿಡಿಯದೆ ಹಿರಿಯರ ಕೈಗೆ ಕೊಟ್ಟರು. ಹಿರಿಯರು ಎರಡು ಬೆರಳಿನಿಂದ ತಿರುಗಿಸಿದರು. ನಟ್ಟು ನಿಂತಿತು. ಅಭ್ಯಾಸಬಲದಿಂದ ಅಂಗೈ ಮುಂದಕ್ಕೆ ಬಂತು.

“ತಾತ, ಸಾಕು!” ಎಂದಳು ಮೊಮ್ಮಗಳು.

ಹಿರಿಯರು ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡರು.

ಆ ರಾತ್ರಿ ಅವಳು ಕಾರಿನ ಕೆಳಗೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿಯ ಬೆನ್ನು ಮೇಲಾಗಿ ಹಾಸಿದಳು. ಭಾನುವಾರ ಕಾರು ಲಾಲ್‌ಬಾಗಿನವರೆಗೆ ಹೋಗಿಬಂತು. ಸೋಮವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಕೆಳಗಿಳಿದು ಹೋಗಿ ಬಗ್ಗಿ ನೋಡಿದವನು, ಗುಜರಿಗೆ ಕೊಡೋಣವೆಂದಿದ್ದ ಮಗ. ಹಾಳೆಯ ಮೇಲೆ ಏನೂ ಇರಲಿಲ್ಲ. ಅವನು ಅದನ್ನು ಮಡಿಸಿ ತಂದು ತಂದೆಯ ಕಾಫಿಯ ಲೋಟದ ಪಕ್ಕದಲ್ಲಿಟ್ಟು, ಬೇರೆ ಮಾತಿಲ್ಲದೆ, “ಅಪ್ಪ, ವಿಂಟೇಜ್ ನೋಂದಣಿಗೆ ಯಾವ ಯಾವ ಕಾಗದಪತ್ರ ಬೇಕೆಂದು ಇವತ್ತು ವಿಚಾರಿಸಿಕೊಂಡು ಬರುತ್ತೇನೆ” ಎಂದನು.